ಕೊನೆಯ ಪ್ಲೇಟಿನ ರಾಣಿ

ನಮ್ಮ ಉಳವಪ್ಪಮಾಮ ಹಟ ಹಿಡಿದರೆ ಉಡ ಹಿಡಿದಂತೆ. ಇದನ್ನು ನಾನು ಹೊಗಳಿಕೆ ಎಂದು ಹೇಳುತ್ತಿಲ್ಲ. ಅವನ ಹಟಕ್ಕೆ ಎಷ್ಟು ಸಲ ಬಿಸಿ ರೊಟ್ಟಿ ತಾಟಿನಲ್ಲೇ ಆರಿ ಕಟಕ್ ಆಗಿದೆ ಎಂಬುದು ಅವನ ಹೆಂಡತಿ ಬಾಳವ್ವತ್ತೆಗೆ ಗೊತ್ತು, ನನಗೂ ಗೊತ್ತು. ಅವನು ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ. ನಾನು ಕೂಸಾಗಿದ್ದಾಗಲೇ ಅಪ್ಪ ತೀರಿಕೊಂಡದ್ದರಿಂದ ನಾನು ಬೆಳೆದದ್ದು, ಸಾಲಿ ಕಲಿತದ್ದು, ಕೊನೆಗೆ ಧಾರವಾಡದಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರು ಆದದ್ದು ಎಲ್ಲ ಉಣಕಲ್ಲಿನ ಅವನ ಮನೆಯಿಂದಲೇ. ಹೀಗಾಗಿ ಅವನನ್ನು ಬೈಯುವ ಹಕ್ಕು ನನಗಿದೆ. ಬೇರೆ ಯಾರಾದರೂ ಬೈದರೆ ಮಾತ್ರ ನಾನು ಸುಮ್ಮನಿರುವವಳಲ್ಲ.

ಮಾಮನದು ಹೊಲಿಗೆ ಅಂಗಡಿ. ಹೆಂಗಸರ ಕುಬಸ ಹೊಲಿಯುವುದರಲ್ಲಿ ಉಣಕಲ್ಲಿನಿಂದ ಹುಬ್ಬಳ್ಳಿಯವರೆಗೆ ಅವನ ಹೆಸರಿತ್ತು. ಯಾಕಿರಬಾರದು? ಕುಬಸ ಎಲ್ಲಿ ಬಿಗಿಯುತ್ತದೆ, ಎಲ್ಲಿ ಒತ್ತುತ್ತದೆ ಎಂದು ತೊಟ್ಟವರಿಗೇ ಗೊತ್ತು; ಮಾಮ ಬಹಳ ವರ್ಷ ತೊಟ್ಟಿದ್ದ. ನಗಬೇಡಿ, ಕೇಳಿ. ಹೊಲಿಗೆಗೆ ಕೂಡುವ ಮೊದಲು ಅವನು ನಾಟಕದ ಕಂಪನಿಯಲ್ಲಿದ್ದ. ಹೆಣ್ಣುಮಕ್ಕಳು ರಂಗಸ್ಥಳ ಹತ್ತುವುದು ಮರ್ಯಾದೆಯಲ್ಲ ಎನ್ನುತ್ತಿದ್ದ ಆ ಕಾಲದಲ್ಲಿ ಹೆಣ್ಣಿನ ಪಾತ್ರಗಳನ್ನು ಹುಡುಗರೇ ಮಾಡುತ್ತಿದ್ದರು. ‘ರತ್ನಪುರದ ರಾಣಿ’ ಎಂಬ ಸಂಗೀತ ನಾಟಕದಲ್ಲಿ ರಾಣಿ ಎಂದರೆ ನಮ್ಮ ಮಾಮ.

ಅವ್ವ ಹೇಳುತ್ತಿದ್ದಳು: “ನಿಮ್ಮ ಮಾಮ ರಾಣಿ ಆಗಿ ಬಂದು ನಿಂತನಂದ್ರ, ನೋಡಾಕ ಬಂದ ಹೆಣ್ಣಮಕ್ಕಳು ತಮ್ಮ ಸೆರಗ ತಾವು ಸರಿ ಮಾಡಕೋತಿದ್ರು.”

ನಾಟಕದ ಕೊನೆಯಲ್ಲಿ ಒಂದು ಹಾಡಿತ್ತು. ರಾಜ ಯುದ್ಧಕ್ಕೆ ಹೋಗಿದ್ದಾನೆ, ಬರುವ ಸುಳಿವಿಲ್ಲ. ರಾಣಿ ಅರಮನೆಯ ಬಾಗಿಲು ತೆರೆದು, ದೀಪ ಹಚ್ಚಿ ಹಾಡುತ್ತಾಳೆ:

“ಬಾಗಿಲು ತೆರೆದಿದೆ, ದೀಪವು ಉರಿದಿದೆ,
ಬಾರದೆ ಇರುವೆಯಾ, ದೊರೆಯೇ…”

ಹಾಡಿ ಅಲ್ಲೇ ಕುಸಿದು ಸಾಯುತ್ತಾಳೆ. ಆದರೆ ಜನ ಸಾಯಲು ಬಿಟ್ಟರೆ ತಾನೆ! ‘ವನ್ಸ್ ಮೋರ್’ ಎಂದು ಕೂಗು ಬೀಳುತ್ತಿತ್ತು. ಸತ್ತ ರಾಣಿ ಎದ್ದು, ಕೈಮುಗಿದು, ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದಳು. ಕಂಪನಿ ನಾಟಕದಲ್ಲಿ ಅದೇ ಪದ್ಧತಿ, ಯಾರಿಗೂ ಅದು ವಿಚಿತ್ರ ಎನಿಸುತ್ತಿರಲಿಲ್ಲ.

ಪ್ಲೇಟು, ಅಂದರೆ ಗ್ರಾಮಫೋನಿನ ಹಾಡಿನ ತಟ್ಟೆ, ಮಾಡುವವರು ಒಮ್ಮೆ ಹುಬ್ಬಳ್ಳಿಗೇ ಬಂದು, ಕಂಪನಿಯ ಹಾಡುಗಾರರನ್ನೆಲ್ಲ ಕರೆದು ಗ್ರಾಮಫೋನಿಗೆ ಹಾಡಿಸಿದರಂತೆ. ಎಲ್ಲರೂ ಹೋದರು, ಮಾಮ ಹೋಗಲಿಲ್ಲ. ಪ್ಲೇಟಿಗೆ ಹಾಡಿದರೆ ದನಿ ಅದರೊಳಗೆ ಇಳಿದುಹೋಗಿ ಗಂಟಲು ಖಾಲಿಯಾಗುತ್ತದೆ ಎಂದು ಕಂಪನಿಯ ಹಿರಿಯರು ನಂಬಿದ್ದರು, ಅವರಿಗಿಂತ ಗಟ್ಟಿಯಾಗಿ ಇವನು ನಂಬಿದ್ದ. “ದನಿ ಅಂದ್ರ ಕೊಡದಾಗಿನ ನೀರು. ಪ್ಲೇಟಿನ್ಯಾಗ ಸುರವಿದರ ಕೊಡದಾಗ ಏನ ಉಳೀತೈತಿ?” ಎಂದನಂತೆ. ಶಹಾಣ್ಯಾ, ಬಲು ಬುದ್ಧಿವಂತ! ಉಳಿದವರ ದನಿ ಪ್ಲೇಟಿನಲ್ಲೂ ಉಳಿಯಿತು, ಗಂಟಲಲ್ಲೂ ಉಳಿಯಿತು. ಇವನದು ಮಾತ್ರ ಎಲ್ಲಿಯೂ ಇಲ್ಲ.

ಆಮೇಲೆ ಮದುವೆ. ಬಾಳವ್ವತ್ತೆಯ ಅಪ್ಪ ಅಮ್ಮಿನಬಾವಿಯ ದೊಡ್ಡ ಒಕ್ಕಲುತನದವರು. “ಸೀರಿ ಉಟಕೊಂಡು ಕುಣಿಯಾವಗ ನನ್ನ ಮಗಳನ್ನ ಕೊಡೂದಿಲ್ಲ” ಎಂದರು. ಮಾಮ ಕಂಪನಿ ಬಿಟ್ಟು ಮಶೀನಿಗೆ ಕೂತ. ಅತ್ತೆ ಅವನ ನಾಟಕ ನೋಡಲೇ ಇಲ್ಲ, ಹಾಡು ಕೇಳಲೇ ಇಲ್ಲ. ಮಶೀನು ತುಳಿಯುವಾಗ ಅವನು ಹಲ್ಲುಗಳ ನಡುವೆ ಏನೋ ಗುನುಗುವುದನ್ನು ಮಾತ್ರ ನಾವಿಬ್ಬರೂ ಕೇಳಿದ್ದೆವು. ಅದೂ ಒಂದು ದಿನ ನಿಂತುಹೋಯಿತು.

ನಿಲ್ಲಿಸಿದ ಪುಣ್ಯಾತ್ಮರು ಅರಳೆ ವ್ಯಾಪಾರದ ಕುಬೇರಪ್ಪನವರು. ಹುಬ್ಬಳ್ಳಿಯಲ್ಲಿ ಅವರದು ದೊಡ್ಡ ಮನೆ, ದೊಡ್ಡ ಬಾಯಿ. ಅವರ ಮನೆಯಲ್ಲಿ ಮದುವೆ ಇದ್ದಾಗ ಮಾಮ ಹೊಲಿದ ಬಟ್ಟೆಯ ಗಂಟು ಹೊತ್ತುಕೊಂಡು ಹೋಗಿದ್ದ. ನಾನೂ ಜೊತೆಗಿದ್ದೆ. ಪಡಸಾಲೆಯ ತುಂಬ ಬೀಗರು ಕೂತಿದ್ದರು. ಕುಬೇರಪ್ಪನವರು ಎಲೆ ಅಡಿಕೆ ಜಗಿಯುತ್ತ ಕೂಗಿದರು:

“ಏ, ರಾಣಿ ಬಂದಳು ನೋಡ್ರಪಾ! ಒಳಗಿಂದ ಒಂದು ಸೀರಿ ತರ್ರಿ, ಉಡಸೂಣು. ಒಂದು ಹಾಡ ಹಾಡಿ ಸತ್ತು ತೋರಸ್ತಾಳ!”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಅವರೇ. ಮಾಮ ಗಂಟನ್ನು ಮೆಲ್ಲಗೆ ಕೆಳಗಿಟ್ಟ. “ಇನ್ನ ಈ ಹೊಸ್ತಲಾ ತುಳಿದರ ನಾ ಉಳವಪ್ಪ ಅಲ್ಲ” ಎಂದು, ನನ್ನ ಕೈ ಹಿಡಿದು ಹೊರಗೆ ಬಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹಾಗೆ. ಆವತ್ತಿನಿಂದ ಮಶೀನಿನ ಸದ್ದಷ್ಟೇ ಉಳಿಯಿತು, ಗುನುಗು ಹೋಯಿತು.

ಇಷ್ಟು ಹಿಂದಿನ ಕಥೆ. ನಾನು ಹೇಳಬೇಕೆಂದಿರುವುದು ಅರವತ್ತೊಂದನೆಯ ಇಸವಿಯ ಮಾತು.

ಆ ವರ್ಷ ಮಾಮನ ಅಂಗಡಿಯ ಎದುರಿನ ಗೋಡೆಗೆ ಒಂದು ದೊಡ್ಡ ಕಾಗದ ಅಂಟಿಸಿದರು. ‘ಹೊಸ ನಟವರ್ಗ, ಹೊಸ ಸಂಗೀತ, ಹೊಸ ಚಾಲುಗಳೊಂದಿಗೆ ರತ್ನಪುರದ ರಾಣಿ. ರಾಣಿಯ ಪಾತ್ರದಲ್ಲಿ ಮೈಮುನಾ.’ ಬೇರೆ ಯಾರೋ ಹೊಸ ಕಂಪನಿ ಕಟ್ಟಿ, ಹಾಡುಗಳ ಚಾಲು, ಅಂದರೆ ಧಾಟಿ, ಬದಲಿಸಿ ಹಳೆಯ ನಾಟಕವನ್ನು ಮತ್ತೆ ಎತ್ತಿದ್ದರು. ಆಟ ಸೊಲ್ಲಾಪುರದ ಕಡೆ ನಡೆದಿತ್ತು, ಹುಬ್ಬಳ್ಳಿಗೆ ಬರುವುದು ಮಳೆಗಾಲ ಕಳೆದ ಮೇಲೆ. ಆದರೆ ಹಾಡುಗಳ ಪ್ಲೇಟುಗಳು ಮೊದಲೇ ಬಂದಿದ್ದವು.

ಭಾನುವಾರ ನಾನು ಧಾರವಾಡದಿಂದ ಬಸ್ಸಿಳಿದು ಬಂದಾಗ ಮಾಮ ಮಶೀನು ನಿಲ್ಲಿಸಿ ಆ ಕಾಗದವನ್ನೇ ನೋಡುತ್ತ ಕೂತಿದ್ದ.

“ಹೆಣ್ಣಮಗಳು ರಾಣಿ ಆಗ್ಯಾಳಂತ, ಅದಕ್ಕ ಸಿಟ್ಟೇನು ಮಾಮಾ?” ಎಂದು ಕೆಣಕಿದೆ.

“ಸಿಟ್ಟ್ಯಾಕ? ಅದು ಆಕಿದ ಪಾತ್ರ. ನಾ ಅಷ್ಟ ದಿನ ಹಿಡಕೊಂಡಿದ್ದೆ, ಈಗ ಕೊಟ್ಟೆ ಅಂತ ತಿಳಕೋ.” ಕಾಗದದ ಕಡೆ ಬೆರಳು ಮಾಡಿ ಹೇಳಿದ: “ಆದರ ಚಾಲ ಎಲ್ಲಾ ಹೊಸಾವಂತ ಗೌರವ್ವ. ಅದರಾಗ ನಂದು ಅನ್ನೂದು ಏನರ ಉಳದೈತೋ ಇಲ್ಲೋ, ಅಷ್ಟು ಕೇಳಬೇಕು ನಾ.”

“ಇಲ್ಲಂದ್ರ?”

“ಇಲ್ಲಂದ್ರ ಇಲ್ಲ. ಉಳವಪ್ಪ ಅನ್ನಾವ ರಾಣಿ ಆಗಿರಲೇ ಇಲ್ಲ ಅಂತ ತಿಳಕೊಂಡು ಮಶೀನ್ ತುಳೀತೇನಿ. ಆದರ ಕೇಳದ ಬಿಡೂದಿಲ್ಲ.”

ನೋಡಿ, ಬಂತು ಹಟ. ಅವತ್ತೇ ನನ್ನನ್ನು ಎಳೆದುಕೊಂಡು ಹುಬ್ಬಳ್ಳಿಗೆ ಹೊರಟ. ಟೇಶನ್ನಿನ ಹತ್ತಿರ ನೀಲಕಂಠಪ್ಪನ ಚಹಾದ ಹೋಟೆಲಿನಲ್ಲಿ ಗ್ರಾಮಫೋನು ಇಟ್ಟಿದ್ದರು. ಮೂಲೆಯ ಬೆಂಚು ಹಿಡಿದು ಕೂತೆವು. ಕಪ್-ಬಸಿಗಳ ಸದ್ದು, “ಎರಡು ಸ್ಪೇಶಲ್!” ಎಂಬ ಕೂಗು, ಗಿರಾಕಿಗಳ ಜಗಳ. ಅದರ ನಡುವೆ ನಾಟಕದ ಮೊದಲ ಹಾಡು ಶುರುವಾಯಿತು. ಅರ್ಧಕ್ಕೇ ಯಾವನೋ, “ಏ, ಆ ಅಳು ಹಾಡ ತಗದು ಸಿನಿಮಾದ್ದು ಹಚ್ರಿ!” ಎಂದ. ನೀಲಕಂಠಪ್ಪ ಮುಳ್ಳು ಎತ್ತಿಯೇಬಿಟ್ಟ. ನನಗೆ ಮೈಯೆಲ್ಲ ಉರಿಯಿತು. ಮಾಮ ಕದಲಲಿಲ್ಲ, ಜಾಗ ಬಿಟ್ಟುಕೊಡಬಾರದೆಂದು ಚಹಾದ ಮೇಲೆ ಚಹಾ ಕುಡಿಯುತ್ತ ಕೂತ. ಗಿರಾಕಿಗಳು ಕರಗಿದ ಮೇಲೆ ದುಡ್ಡಿನ ಗಲ್ಲೆಯ ಹತ್ತಿರ ಹೋಗಿ ಕೇಳಿದ:

“ರಾಣಿದು ಕಡೀ ಹಾಡಿನ ಪ್ಲೇಟ್ ಹಚ್ರಿ.”

“ಅದು ನಮ್ಮಲ್ಲೆ ಇಲ್ಲರಿ ಯಜಮಾನ್ರ. ನಾ ತಂದದ್ದು ಇದೊಂದ. ಪೂರಾ ನಾಟಕದ್ದು ಬೇಕಂದ್ರ ಊರಾಗ ಒಬ್ಬರ ಕಡೆ ಐತಿ. ಅರಳಿ ಕುಬೇರಪ್ಪನವರು ತರಿಸ್ಯಾರ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡೆ. ಬಸ್ಸಿನಲ್ಲಿ ಮಾಮ ಕಿಟಕಿಯ ಪಕ್ಕ ಕೂತ. ಊರು ಮುಟ್ಟುವಾಗ ಕೆರೆಯ ಕಡೆ ನೋಡುತ್ತ, “ಬರೂ ಐತವಾರ ಹೋಗೂಣು” ಎಂದ.

“ಎಲ್ಲಿಗೆ?”

“ಕುಬೇರಪ್ಪನ ಮನೀಗೆ.”

“ಹೊಸ್ತಲಾ ತುಳಿಯೂದಿಲ್ಲ ಅಂದಿದ್ದೆಲ್ಲಾ ಮಾಮಾ!”

“ಅಂದಿದ್ದೆ. ಆ ಮಾತು ತಿಂದರ ನನ್ನ ಮಾನ ಅಷ್ಟ ಹೋಗ್ತೈತಿ. ಕೇಳಲಿಲ್ಲಂದ್ರ ನಾ ಯಾರು ಅನ್ನೂದ ನನಗ ತಿಳಿಯೂದಿಲ್ಲ.”

ಆ ಭಾನುವಾರ ನಾನು ಹೋದಾಗ ಮಾಮ ಆಗಲೇ ತಯಾರಾಗಿದ್ದ. ಇಸ್ತ್ರಿ ಮಾಡಿದ ಧೋತರ, ಕರಿ ಕೋಟು, ತಲೆಗೆ ರುಮಾಲು. ನನ್ನನ್ನು ದಂಗುಬಡಿಸಿದವಳು ಬಾಳವ್ವತ್ತೆ. ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಅವಳೂ ಬಾಗಿಲಲ್ಲಿ ನಿಂತಿದ್ದಳು. ಪರ ಗಂಡಸರ ಎದುರು ದನಿ ಎತ್ತದ, ಸಂತೆಗೂ ಸೆರಗು ಹೊದ್ದು ಹೋಗುವ ಹೆಂಗಸು.

“ನೀ ಯಾಕ?” ಎಂದ ಮಾಮ.

“ಯಾಕಂದ್ರ? ನಮ್ಮಪ್ಪ ಬಿಡಿಸಿದ್ದು ಏನು ಅಂತ ನಾನೂ ಒಂದೀಟ ಕೇಳತೇನಿ” ಎಂದು ಅವಳೇ ಮೊದಲು ಅಂಗಳಕ್ಕೆ ಇಳಿದಳು.

ಕುಬೇರಪ್ಪನವರ ಮನೆಯ ಹೊಸ್ತಿಲ ಮುಂದೆ ಮಾಮ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತ. ಒಳಗೆ ಜೋಕಾಲಿಯ ಮೇಲೆ ಕುಬೇರಪ್ಪನವರು ಕೂತಿದ್ದರು. ಆಗಿನ ಗದ್ದಲವಿಲ್ಲ, ಬೀಗರಿಲ್ಲ. ಮೈ ಇಳಿದು, ಪಕ್ಕದಲ್ಲಿ ಊರುಗೋಲು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಯಾರು, ಉಳವಪ್ಪನಾ? ಬಾರೋ, ಒಳಗ ಬಾ.”

“ಬಂದೇನ್ರಿ. ನಿಮ್ಮನ್ನ ನೋಡಾಕ ಬಂದಿಲ್ಲ. ರತ್ನಪುರದ ರಾಣಿ ಪ್ಲೇಟ್ ನಿಮ್ಮಲ್ಲೆ ಅದಾವಂತ. ಕೇಳಾಕ ಬಂದೇನಿ. ಕೇಳಸ್ತೀರಂದ್ರ ಒಳಗ ಬರತೇನಿ, ಇಲ್ಲಂದ್ರ ಇಲ್ಲಿಂದನ ಹೋಗತೇನಿ.”

ಕುಬೇರಪ್ಪನವರು ಅವನ ಮುಖ ನೋಡಿದರು, ಸೆರಗು ಹೊದ್ದು ನಿಂತಿದ್ದ ಅತ್ತೆಯನ್ನು ನೋಡಿದರು, ದುರುಗುಟ್ಟುತ್ತಿದ್ದ ನನ್ನನ್ನೂ ನೋಡಿದರು. ಊರುಗೋಲು ಹಿಡಿದು ಎದ್ದು ಗ್ರಾಮಫೋನಿನ ಪೆಟ್ಟಿಗೆ ತೆರೆದರು. ಕೀಲಿ ಕೊಡಲು ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ನಾನು ಮುಂದಾದರೆ, “ಬ್ಯಾಡವಾ, ಇದನ್ನ ನಾ ಯಾರಿಗೂ ಮುಟ್ಟಾಕ ಕೊಡೂದಿಲ್ಲ” ಎಂದರು. ಮಾಮ ಹೊಸ್ತಿಲು ತುಳಿದು ಒಳಗೆ ಬಂದು, ಚಾಪೆಯ ಮೇಲೆ ಕೂತು ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಮೊದಲ ಪ್ಲೇಟು ತಿರುಗಿತು. ನಾಂದಿ ಹಾಡು. ಮಾಮ ಕಣ್ಣು ಮುಚ್ಚಿ ಕೇಳಿದ. “ಇದು ನಮ್ಮದಲ್ಲ” ಎಂದ.

ಎರಡನೆಯದು, ರಾಜನ ಹಾಡು. ಹಳೆಯ ಕಾಲ್ಪೆಟ್ಟಿಗೆ ಹಾರ್ಮೋನಿಯಮ್ಮಿನ ಬದಲು ಪಿಟೀಲು, ಕ್ಲಾರಿಯೊನೆಟ್, ಏನೇನೋ ಬ್ಯಾಂಡಿನ ವಾದ್ಯ. “ಇದೂ ಅಲ್ಲ.”

ಸಖಿಯರ ಹಾಡು ಬಂತು. ಅದನ್ನು ಅವನೇ ಕೂತು ಚಾಲು ಹಾಕಿ ಹುಡುಗರಿಗೆ ಕಲಿಸಿದ್ದನಂತೆ, ಅವ್ವ ಹೇಳುತ್ತಿದ್ದಳು. ಅದರ ಮಾತು ಮಾತ್ರ ಹಳೆಯದು. ಮಾಮ ಅಲ್ಲವೆಂದು ತಲೆ ಅಲ್ಲಾಡಿಸಿದ. ಯಾಕಾದರೂ ಬಂದೆವೋ, ಕೇಳದೆ ಇದ್ದಿದ್ದರೆ ‘ಉಳಿದಿರಬಹುದು’ ಎಂಬ ಒಂದು ಆಸೆಯಾದರೂ ಇರುತ್ತಿತ್ತಲ್ಲ ಎಂದು ಸಂಕಟವಾಯಿತು. “ಸಾಕು ಮಾಮಾ, ಏಳು” ಎಂದೆ.

“ಕಡೀ ಪ್ಲೇಟ್ ಆಗಲಿ” ಎಂದ. ದನಿ ಕಲ್ಲಿನ ಹಾಗಿತ್ತು.

ಕುಬೇರಪ್ಪನವರು ಮುಳ್ಳು ಬದಲಿಸಿ, ಕೊನೆಯ ಪ್ಲೇಟನ್ನು ಧೋತರದ ಚುಂಗಿನಿಂದ ಒರೆಸಿ ಇಟ್ಟರು. ಮೈಮುನಾಳ ದನಿ ಎದ್ದಿತು. ಚೆಂದದ ಎಳೆಯ ದನಿ, ಸುಳ್ಳು ಹೇಳಬಾರದು.

“ಬಾಗಿಲು ತೆರೆದಿದೆ, ದೀಪವು ಉರಿದಿದೆ…”

ಮಾಮ ತೊಡೆಯ ಮೇಲಿನ ರುಮಾಲು ಎತ್ತಿ ತಲೆಗೆ ಇಟ್ಟುಕೊಂಡ. “ಚಾಲ ಬ್ಯಾರೆ” ಎಂದು ಏಳಲು ಕೈ ಊರಿದ.

“ಬಾರದೆ ಇರುವೆಯಾ…”

ದನಿ ಮೇಲೆ, ಇನ್ನೂ ಮೇಲೆ ಹೋಗಿ, ಅಲ್ಲಿ ತಟ್ಟನೆ ನಿಂತುಬಿಟ್ಟಿತು. ಕೀಲಿ ತೀರಿತೆಂದು ನಾನು ತಿಳಿದೆ. ಆದರೆ ಪ್ಲೇಟು ತಿರುಗುತ್ತಲೇ ಇತ್ತು. ಹಾಡಿಲ್ಲದ ಆ ಜಾಗದಲ್ಲಿ ಕ್ಲಾರಿಯೊನೆಟ್ ಒಂದೇ ಸಣ್ಣಗೆ ಒಂದು ಸುತ್ತು ಸುತ್ತಿತು. ಆಮೇಲೆ ಮೆಲ್ಲಗೆ, ಕೆಳಗಿನ ಸ್ವರದಲ್ಲಿ, “ದೊರೆಯೇ” ಎಂದಳು ಹುಡುಗಿ.

ಮಾಮ ಅರ್ಧ ಎದ್ದವನು ಹಾಗೇ ಇದ್ದ. ಅವನ ಬಲಗೈ ಮೂಗಿಗೆ ಹೋಗಿತ್ತು.

ಪ್ಲೇಟು ಮುಗಿದು ಮುಳ್ಳು ಕರಕರ ಎನ್ನತೊಡಗಿತು, ಯಾರೂ ಎತ್ತಲಿಲ್ಲ. ಬಾಳವ್ವತ್ತೆಯೇ ಸೆರಗಿನೊಳಗಿಂದ ಕೇಳಿದಳು: “ಆ ಹುಡುಗಿ ಅಲ್ಲೆ ಯಾಕ ನಿಂತಳ್ರಿ?”

ಮಾಮನಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣೀರು ಗಲ್ಲಕ್ಕೆ ಇಳಿಯಿತು.

“ನತ್ತಿನ ಸಂಬಂಧ! ನಂದು ಗಂಡಸಿನ ಮೂಗು, ಚುಚ್ಚಿಸಿದ್ದಿಲ್ಲ. ಒತ್ತಿ ಸಿಗಿಸೂ ನತ್ತು ಹಾಕೊಂತಿದ್ದೆ. ‘ಇರುವೆಯಾ’ ಅಂತ ಮ್ಯಾಲೆ ಏರಿಸಿದರ ಮೂಗ ಅರಳಿ ನತ್ತು ಜಾರತಿತ್ತು. ರಾಣಿ ನತ್ತು ಪದ್ಯದ ನಡುವ ಕೆಳಗ ಬಿದ್ದರ ಮಾನ ಉಳೀತೈತೇನು? ಗಪ್ಪನ ನಿಂತು, ಕೈಲೆ ಹಿಡಕೊಂಡು, ಗಟ್ಟಿ ಒತ್ತಿ, ಆಮ್ಯಾಲ ‘ದೊರೆಯೇ’ ಅಂತಿದ್ದೆ. ನಾ ನಿಂತಾಗ ಕಾಲ್ಪೆಟ್ಟಿಗಿ ಮಾಸ್ತರ ಫಕ್ರುಸಾಬ ಒಂದ ಸುತ್ತ ಬಾರಿಸಿ ಜಾಗಾ ತುಂಬತಿದ್ದ. ರಾಣಿ ಮಾರಿ ಮುಚಕೊಂಡು ಅಳು ನುಂಗಾಕತ್ತಾಳಂತ ಜನಾ ಹೋ ಅಂತ ಅಳತಿದ್ರು!”

ನಾನು ಎದ್ದು ಹೋಗಿ ಪ್ಲೇಟಿನ ನಡುವಿನ ಅಕ್ಷರಗಳನ್ನು ಓದಿದೆ. ‘ಮೈಮುನಾ. ಫಕ್ರುಸಾಬರ ಶಿಷ್ಯೆ.’ ಫಕ್ರುಸಾಬರು ತೀರಿಕೊಂಡ ಸುದ್ದಿ ನಮಗೆ ಹಿಂದೆಯೇ ಬಂದಿತ್ತು. ಸಾಯುವ ಮೊದಲು ಈ ಹುಡುಗಿಗೆ ಹಾಡು ಕಲಿಸಿದ್ದಾರೆ. ಆಮೇಲೆ ಯಾರೋ ಬಂದು ಚಾಲು ಬದಲಿಸಿದ್ದಾರೆ, ವಾದ್ಯ ಬದಲಿಸಿದ್ದಾರೆ. ಅವಳ ಗಂಟಲಲ್ಲಿ ಕೂತಿದ್ದ ಆ ನಿಲುಗಡೆಯನ್ನು ಮಾತ್ರ ಯಾರಿಂದಲೂ ತೆಗೆಯಲಾಗಿಲ್ಲ. ನಿಜವಾಗಿ ಮೂಗು ಚುಚ್ಚಿಸಿಕೊಂಡ ಹುಡುಗಿ, ನತ್ತು ಬೀಳುವ ಹೆದರಿಕೆಯೇ ಇಲ್ಲದವಳು, ನಮ್ಮ ಮಾಮನ ನತ್ತಿಗಾಗಿ ನಿಂತಿದ್ದಳು. ಪ್ಲೇಟಿಗೆ ದನಿ ಕೊಡುವುದಿಲ್ಲ ಎಂದು ಹಟ ಹಿಡಿದವನ ಮೌನ ಪ್ಲೇಟಿನಲ್ಲಿತ್ತು. ಓದಿ ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

“ಉಳದೈತಿ ಗೌರವ್ವ, ನಂದೂ ಉಳದೈತಿ” ಎಂದ ಮಾಮ.

ಆಗ ಕುಬೇರಪ್ಪನವರು ಒಮ್ಮೆಲೆ ಊರುಗೋಲು ನೆಲಕ್ಕೆ ಕುಟ್ಟಿ ಕೂಗಿದರು: “ವನ್ಸ್ ಮೋರ್!” ಕೂಗಿ ಗ್ರಾಮಫೋನಿನ ಕೀಲಿಗೆ ಕೈ ಹಾಕಿದರು.

“ಪ್ಲೇಟ್ ಬ್ಯಾಡ್ರಿ” ಎಂದಿತು ಒಂದು ದನಿ.

ಬಾಳವ್ವತ್ತೆ. ಸೆರಗು ಭುಜಕ್ಕೆ ಇಳಿದಿತ್ತು. “ಅದರಾಗ ಇರೂದು ಹೊಸಾ ಚಾಲ. ಹಳೇದು ಇವರ ಹಂತೇಕ ಐತಿ. ಇವರ ಹಾಡಲಿ.”

“ಹುಚ್ಚಿ ಏನ ನೀ? ಇಲ್ಲೆ? ಗಂಟಲಾ ಎಲ್ಲೈತಿ ಈಗ!” ಎಂದ ಮಾಮ.

“ಪ್ಲೇಟಿಗಂತೂ ಕೊಡಲಿಲ್ಲ. ಕೊಡದಾಗ ನೀರ ಇನ್ನೂ ಇರಬೇಕಲ್ಲ? ನಮ್ಮಪ್ಪನ ಮಾತಿಗೆ ಬಾಯಿ ಮುಚಕೊಂಡ್ರಿ, ನಾ ಒಂದ ದಿನಾ ಕೇಳಲಿಲ್ಲ. ಇವತ್ತ ಕೇಳದ ಏಳೂದಿಲ್ಲ ನಾ.” ಅವಳು ಚಾಪೆಯ ಮೇಲೆ ಗಟ್ಟಿಯಾಗಿ ಕೂತುಕೊಂಡಳು. ಹಟ ಅಂದರೆ ಅದು.

ಕುಬೇರಪ್ಪನವರು ಕೀಲಿಯಿಂದ ಕೈ ತೆಗೆದರು. “ಹಾಡ್ರಿ, ಉಳವಪ್ಪನವರ” ಎಂದರು.

ಮಾಮ ಎದ್ದು ನಿಂತ, ಅದೇ ಪಡಸಾಲೆಯಲ್ಲಿ. ಕೋಟಿನ ಗುಂಡಿ ಹಾಕಿಕೊಂಡ, ಕೈಮುಗಿದ, ಶುರು ಮಾಡಿದ. ದನಿ ಮೊದಲು ಒಡೆಯಿತು, ಒರಟಾಯಿತು, ಆಮೇಲೆ ದಾರಿ ಹಿಡಿಯಿತು. ನಾನು ಅವನನ್ನು ನೋಡಲಿಲ್ಲ. ಕುಬೇರಪ್ಪನವರ ಬಾಯಿಯನ್ನೇ ಕಣ್ಣು ಕೀಳದೆ ನೋಡುತ್ತಿದ್ದೆ. ಒಂದು ಎಳೆ ನಗು ಕಂಡಿದ್ದರೂ ಹಿರಿಯರೆಂದು ನೋಡುತ್ತಿರಲಿಲ್ಲ. “ಬಾರದೆ ಇರುವೆಯಾ” ಎಂದು ದನಿ ಮೇಲೇರಿ ನಿಂತಿತು. ತುಂಬಲು ಫಕ್ರುಸಾಬರ ಪೆಟ್ಟಿಗೆ ಇರಲಿಲ್ಲ, ಕ್ಲಾರಿಯೊನೆಟ್ ಇರಲಿಲ್ಲ. ಪಡಸಾಲೆ ಗಪ್ಪಾಗಿತ್ತು. ಕುಬೇರಪ್ಪನವರ ತುಟಿ ಅದುರುತ್ತಿತ್ತು, ಅವರು ಅಳುತ್ತಿದ್ದರು. ಮಾಮ ಮೂಗಿಗೆ ಎರಡು ಬೆರಳು ಹಿಡಿದು, ಇಲ್ಲದ ನತ್ತನ್ನು ಗಟ್ಟಿಯಾಗಿ ಒತ್ತಿ, ಕೈ ಇಳಿಸಿ, ಬಾಳವ್ವತ್ತೆಯ ಕಡೆ ತಿರುಗಿ “ದೊರೆಯೇ” ಎಂದ.